ಸಹಾಯ ಬೇಕು: ಹೊಸ ಲ್ಯಾಪ್‌ಟಾಪ್‌ನಲ್ಲಿ ವರ್ಡ್, ಎಕ್ಸೆಲ್ ದುಡ್ಡು ಕೇಳುತ್ತಿವೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿ.ಕಾಂ. ಓದುವ ತಂಗಿಗೆ ಲ್ಯಾಪ್‌ಟಾಪ್ ಕೊಡಿಸಿದ್ದೇವೆ. ವಿಂಡೋಸ್ 11 ಇದೆ. ವರ್ಡ್, ಎಕ್ಸೆಲ್ ಸ್ವಲ್ಪ ದಿನ ಚೆನ್ನಾಗಿ ನಡೆದವು, ಈಗ ಚಂದಾ ಕಟ್ಟಿ ಅನ್ನುತ್ತಿವೆ. ವಿಂಡೋಸ್‌ಗೂ, ವರ್ಡ್, ಎಕ್ಸೆಲ್ ಇರುವ ಆಫೀಸ್‌ಗೂ ಲೈಸೆನ್ಸ್ ಬೇರೆ ಬೇರೆ, ಸರಿ. ಆದರೆ ಕೆಲವು ಲ್ಯಾಪ್‌ಟಾಪ್‌ಗಳನ್ನು ಆಫೀಸ್ ಹೋಮ್ 2024 ಸೇರಿಸಿಯೇ ಮಾರುತ್ತಾರೆ, ಅಲ್ವಾ? ನಮ್ಮ ಬಿಲ್‌ನಲ್ಲಿ ಬರೀ ‘ಆಫೀಸ್’ ಅಂತ ಇದೆ. ಅದು ಪೂರ್ತಿ ಲೈಸೆನ್ಸೋ, ಟ್ರಯಲ್ಲೋ, ಎಲ್ಲಿ ನೋಡಬೇಕು?

ಅಂಗಡಿಯವರು ಕ್ರ್ಯಾಕ್ (ಲೈಸೆನ್ಸ್ ಇಲ್ಲದ ಕಳ್ಳ ಪ್ರತಿ) ಹಾಕಿಕೊಡುತ್ತೇವೆ ಅಂದರು. ಖಂಡಿತ ಬೇಡ. ವೈರಸ್ ಬಂದರೆ ಅವಳ ಪ್ರಾಜೆಕ್ಟ್ ಎಲ್ಲ ಹೋಗುತ್ತದೆ.

ಆಫೀಸ್ ಬದಲು ಲಿಬ್ರೆಆಫೀಸ್ ಉಚಿತ, ಹಾಕಬಹುದು. ಆದರೆ ಕಾಲೇಜಿಗೆ ಎಕ್ಸೆಲ್ ಫೈಲೇ ಕೊಡಬೇಕು. ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ನೋಟ್ಸ್ ಕೂಡ ಜಾಸ್ತಿ ಇವೆ. ಇವನ್ನೆಲ್ಲ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಅಕ್ಷರ, ಫಾರ್ಮುಲಾ ಕೆಡುತ್ತವೆಯೇ? ಬಳಸಿದವರು ದಯವಿಟ್ಟು ಹೇಳಿ. ಮುಂದಿನ ವಾರವೇ ಅಸೈನ್‌ಮೆಂಟ್ ಕೊಡಬೇಕು.