ಹೊರಗೆ ಥಳಥಳ, ಒಳಗೆ ಬೋಳು

ಗಿರಿಯ ಕಾರಿನ ಹಿಂದಿನ ಎರಡೂ ಟೈರ್ 20 ಸಾವಿರ ಕಿಲೋಮೀಟರಿಗೇ ಕೈ ಎತ್ತಿವೆ. ಅದೂ ಪೂರ್ತಿ ಅಲ್ಲ, ಅದೇ ತಮಾಷೆ. ಪಕ್ಕದಲ್ಲಿ ನಿಂತು ನೋಡಿದರೆ ನಿನ್ನೆ ಅಂಗಡಿಯಿಂದ ತಂದ ಹಾಗಿವೆ. ಕಾರಿನ ಹಿಂದೆ ಅಂಗಾತ ಮಲಗಿ ನೋಡಿದರೆ ಒಳಗಿನ ಅಂಚು ಸವೆದು ಬೋಳಾಗುತ್ತಾ ಬಂದಿದೆ. ಬಲಗಡೆ ಟೈರಲ್ಲಂತೂ ರಬ್ಬರ್ ಮುಗಿದು ತಂತಿ ಇಣುಕುತ್ತಿದೆ.

ಕಾರು ಅಂದರೆ ಸುಮ್ನೆ ಕಾರಲ್ಲ. 2014ರ ಬಿಎಂಡಬ್ಲ್ಯು 328ಐ, ಸೆಕೆಂಡ್ ಹ್ಯಾಂಡ್. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 245 ಹಾರ್ಸ್ ಪವರ್, ಅಷ್ಟೂ ಹೋಗುವುದು ಹಿಂದಿನ ಚಕ್ರಕ್ಕೆ. ಹಿಂದಿನ ಓನರ್ ಯಾರೋ ಷೋಕಿಲಾಲ. ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಕಾಣಲಿ ಅಂತ ಲೋಯರಿಂಗ್ ಸ್ಪ್ರಿಂಗ್ ಹಾಕಿಸಿದ್ದಾನೆ. ಅಪಾರ್ಟ್‌ಮೆಂಟ್ ಗೇಟಿನ ಹಂಪ್ ದಾಟಬೇಕಾದರೆ ಗಿರಿ ಹೆಂಡತಿ ಮಕ್ಕಳನ್ನು ಇಳಿಸಿ ಓರೆಯಾಗಿ ದಾಟಿಸುತ್ತಾನೆ. ಸೆಕ್ಯುರಿಟಿಯವನು ಬಂದು ಸೆಲ್ಯೂಟ್ ಹೊಡೆಯುವ ಬದಲು ಬಗ್ಗಿ ತಳ ನೋಡುತ್ತಾನೆ.

ಭಾನುವಾರ ಬೇಸ್‌ಮೆಂಟಲ್ಲಿ ನಮ್ಮ ಸಭೆ ಸೇರಿತು. ಕಾರು ಕೆಟ್ಟರೆ ನಮ್ಮಲ್ಲಿ ಡಾಕ್ಟರುಗಳಿಗೆ ಬರ ಇಲ್ಲ.

ಮೊದಲು ಬಾಯಿ ಬಿಟ್ಟವನು ಮಂಜ. "ಪೂಜೆ ದಿನ ನಿಂಬೆಹಣ್ಣು ಇಟ್ಟಿದ್ರಲ್ಲ, ಬಲಗಡೆದು ಸರಿಯಾಗಿ ಒಡೀಲಿಲ್ಲ. ನಾನು ಆವತ್ತೇ ನೋಡ್ದೆ, ಸೈಡಿಗೆ ಜಾರಿಬಿಡ್ತು."

"ನಿಂಬೆಹಣ್ಣು ಇಟ್ಟಿದ್ದು ಮುಂದಿನ ಚಕ್ರಕ್ಕೆ ಕಣೋ. ಸವೆದಿರೋದು ಹಿಂದಿನದು."

"ಅದೇ ಮತ್ತೆ! ಹಿಂದಿನದಕ್ಕೆ ಇಟ್ಟೇ ಇಲ್ಲ."

ಈ ವಾದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪ್ರವೀಣ ಮುಂದುವರಿಸಿದ. ಇವನು ಸಾಫ್ಟ್‌ವೇರ್, ಗ್ರೀಸ್ ಮುಟ್ಟಿದವನಲ್ಲ, ಆದರೆ ರಾತ್ರಿಯೆಲ್ಲಾ ಕೂತು ವಿಡಿಯೊ ನೋಡಿದವನು. "ಏರ್ ಪ್ರೆಷರ್ ಮಗಾ. ನೈಟ್ರೋಜನ್ ಹಾಕಿಸು."

"ನಮ್ಮ ಬರೀ ಗಾಳಿಯಲ್ಲೇ ನೈಟ್ರೋಜನ್ ನೂರಕ್ಕೆ 78 ಇದೆ. ಉಳಿದ 22ಕ್ಕೆ ಯಾಕೆ ದುಡ್ಡು ಕೊಡ್ಲಿ?" ಅಂದ ಗಿರಿ.

ಅಷ್ಟರಲ್ಲಿ ಮೇಲಿಂದ ಶಂಕ್ರಣ್ಣ ಇಳಿದು ಬಂದರು. ಗಿರಿಯ ಪಕ್ಕದ ಮನೆಯವರು. ಬಸ್ ಡಿಪೋದಲ್ಲಿ ಟೈರ್ ಸೆಕ್ಷನ್‌ನಲ್ಲೇ ನೌಕರಿ ಮಾಡಿ ರಿಟೈರ್ ಆದವರು. ಅವರಿಗೆ ಕಾರಿನ ಬ್ರ್ಯಾಂಡ್ ಗೊತ್ತಾಗುವುದಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಪಂಚೆ ಎತ್ತಿ ಕಟ್ಟಿ, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಲಗೈ ಒಳಕ್ಕೆ ತೂರಿಸಿದರು.

"ಗಾಳಿ ಜಾಸ್ತಿ ಆದ್ರೆ ನಡು ಸವೆಯತ್ತೆ. ಕಮ್ಮಿ ಆದ್ರೆ ಎರಡೂ ಅಂಚು ಸವೆಯತ್ತೆ. ಒಂದೇ ಅಂಚು ಸವೆದ್ರೆ ಗಾಳಿ ಮಾತು ಬಿಟ್ಬಿಡಿ. ಎಷ್ಟು ಹೊಡೆಸ್ತೀಯಪ್ಪ?"

"ಬಂಕಲ್ಲಿ ಕೇಳ್ತಾರೆ, 35 ಅಂತೀನಿ ಅಣ್ಣ."

"ಎಲ್ಲಾರೂ 35 ಅಂತಾರೆ. ಲಾರಿಯವನೊಬ್ಬ ಅನ್ನಲ್ಲ. ಡ್ರೈವರ್ ಬಾಗಿಲು ತೆಗೆದ್ರೆ ಕಂಬಕ್ಕೆ ಚೀಟಿ ಅಂಟಿಸಿರ್ತಾರೆ ನೋಡು, ಓದಿದ್ದೀಯಾ?"

ಗಿರಿ ಓದಿರಲಿಲ್ಲ. ನಮ್ಮಲ್ಲಿ ಯಾರೂ ಓದಿರಲಿಲ್ಲ ಅನ್ನುವುದು ಅವರವರ ಮುಖದಲ್ಲೇ ಕಾಣುತ್ತಿತ್ತು.

ಪ್ರವೀಣ ಸೋಲುವವನಲ್ಲ. "ಹಾಗಾದ್ರೆ ಡ್ರೈವಿಂಗ್. ಸಿಗ್ನಲ್ ಬಿಟ್ಟ ತಕ್ಷಣ ಇವನು ಆಕ್ಸಿಲರೇಟರ್ ತುಳಿದು ಚಕ್ರ ಕಿರುಗುಟ್ಟಿಸ್ತಾನೆ."

"ಚಕ್ರ ನಿಂತಲ್ಲೇ ಉರುಳಿದ್ರೆ ನೆಲಕ್ಕೆ ತಾಗಿದಷ್ಟೂ ಅಗಲ ಸವೆಯತ್ತೆ. ಒಳಗಡೆ ಎರಡು ಬೆರಳಷ್ಟು ಮಾತ್ರ ಆರಿಸ್ಕೊಂಡು ಸವೆಯಲ್ಲ. ಇವನು ತುಳೀತಾನೆ, ಸರಿ. ಅದಕ್ಕೆ ಹಿಂದಿನ ಟೈರ್ ಮುಂದಿನದಕ್ಕಿಂತ ಬೇಗ ಖರ್ಚಾಗತ್ತೆ. ಓರೆಯಾಗಿ ಯಾಕೆ ಖರ್ಚಾಗ್ತಿದೆ ಅನ್ನೋದು ಬೇರೆ ಕೇಸು."

ಇಷ್ಟು ಹೇಳಿ ಜೇಬಿಂದ ಟೈರಿನ ತೋಡಿನ ಆಳ ಅಳೆಯುವ ಸಣ್ಣ ಕಡ್ಡಿ ತೆಗೆದರು. ರಿಟೈರ್ ಆದ ಮನುಷ್ಯ ಭಾನುವಾರ ಅದನ್ನು ಜೇಬಲ್ಲಿ ಇಟ್ಟುಕೊಂಡು ಯಾಕೆ ಓಡಾಡುತ್ತಾರೋ, ನಾವು ಕೇಳಲಿಲ್ಲ. ಎಡಗಡೆ ಟೈರ್: ಹೊರಗೆ 6 ಮಿಲಿಮೀಟರ್, ನಡುವೆ 5, ಒಳಗೆ 2. ಬಲಗಡೆ: ಹೊರಗೆ 6, ನಡುವೆ 5, ಒಳಗೆ ಕಡ್ಡಿ ಇಡಲು ತೋಡೇ ಇಲ್ಲ, ತಂತಿ. ಟೈರ್ ತೋಡಿನ ಒಳಗೆ ಸಣ್ಣ ದಿಬ್ಬ ಇರುತ್ತಲ್ಲ, ಅದು 1.6 ಮಿಲಿಮೀಟರಿನ ಗುರುತು. ರಬ್ಬರ್ ಅದರ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು ಅಂತ ಲೆಕ್ಕ. ಆ ದಿಬ್ಬ ಹೊರಗಿನ ತೋಡಲ್ಲಿ ಆರಾಮಾಗಿ ಮಲಗಿತ್ತು. ಬಲಗಡೆ ಟೈರಿನ ಒಳಗಿನ ಕಡೆ ದಿಬ್ಬವೂ ಇಲ್ಲ, ತೋಡೂ ಇಲ್ಲ.

"ಕ್ಯಾಂಬರ್!" ಅಂತ ಪ್ರವೀಣ ಕೂಗಿದ. ಈ ಸಲ ಅವನು ಅರ್ಧ ಸರಿ.

ಚಕ್ರದ ತಲೆ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್. ಜೋರಾಗಿ ಓಡುವ ಕಾರುಗಳಿಗೆ ಕಂಪನಿಯವರೇ ಸ್ವಲ್ಪ ವಾಲಿಸಿ ಕೊಟ್ಟಿರುತ್ತಾರೆ. ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲಿದಾಗ ಹೊರಗಿನ ಚಕ್ರ ನೆಟ್ಟಗಾಗಿ ಪೂರ್ತಿ ನೆಲ ಹಿಡಿಯಲಿ ಅಂತ. ಒಳ್ಳೆಯ ಯೋಚನೆಯೇ. ಗಿರಿ ದಿನಾ ಹೋಗಿ ನಿಲ್ಲುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಅಲ್ಲಿ ಯಾವ ತಿರುವು, ಯಾವ ಜೋರು? ಅದರ ಮೇಲೆ ಲೋಯರಿಂಗ್ ಸ್ಪ್ರಿಂಗ್. ಈ ಕಾರಿನ ಹಿಂದಿನ ಸಸ್ಪೆನ್ಷನ್ ಕೆಳಗೆ ಕೂತಷ್ಟೂ ಚಕ್ರದ ತಲೆ ಇನ್ನೂ ಒಳಕ್ಕೆ ಹೋಗುತ್ತದೆ. ಅಂದರೆ ಗಾಡಿ ಖಾಲಿ ನಿಂತಿದ್ದರೂ ಡಿಕ್ಕಿಯಲ್ಲಿ ಲೋಡು ಇದ್ದ ಹಾಗೆ.

"ಡಿಕ್ಕಿಯಲ್ಲಿ ಏನಾದ್ರೂ ಇರತ್ತಾ?" ಶಂಕ್ರಣ್ಣ ಕೇಳಿದರು.

ಗಿರಿ ಮೆಲ್ಲಗೆ, "ತಿಪಟೂರಿಗೆ ಹೋದಾಗಲೆಲ್ಲ ಮಾವ ಎರಡು ಮೂಟೆ ತೆಂಗಿನಕಾಯಿ ಹಾಕಿ ಕಳಿಸ್ತಾರೆ."

ಎಲ್ಲರೂ ಅವನನ್ನು ನೋಡಿದೆವು. ಜರ್ಮನಿಯ ಎಂಜಿನಿಯರುಗಳು ಈ ಕಾರಿನ ಮುಂದೆ ಹಿಂದೆ ಅರ್ಧರ್ಧ ತೂಕ ಬರಲಿ ಅಂತ ತಲೆ ಕೆಡಿಸಿಕೊಂಡು ಡಿಸೈನ್ ಮಾಡಿದ್ದಾರೆ. ಅವರ ಲೆಕ್ಕದಲ್ಲಿ ತಿಪಟೂರಿನ ಮಾವ ಇರಲಿಲ್ಲ.

"ಆದ್ರೂ ಕ್ಯಾಂಬರ್ ಒಂದೇ ಇಷ್ಟು ಬೇಗ ತಿನ್ನಲ್ಲ. ಇಲ್ಲಿ ಕೈ ಇಡು," ಅಂತ ಶಂಕ್ರಣ್ಣ ಗಿರಿಯ ಕೈ ಹಿಡಿದು ಟೈರಿನ ಮೇಲೆ ಅಡ್ಡಡ್ಡ ಸವರಿಸಿದರು. ಒಳಗಿನಿಂದ ಹೊರಕ್ಕೆ ಎಳೆದಾಗ ನಯ. ಹೊರಗಿನಿಂದ ಒಳಕ್ಕೆ ಎಳೆದಾಗ ಪ್ರತಿ ಬ್ಲಾಕಿನ ಅಂಚೂ ಗರಗಸದ ಹಾಗೆ ಅಂಗೈಗೆ ತಾಗಿತು. ನಾನೂ ಸವರಿ ನೋಡಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. ಬರೀ ಕ್ಯಾಂಬರಿನಿಂದ ಸವೆದ ಟೈರ್ ಇಳಿಜಾರಾಗಿ ಸವೆದರೂ ನುಣ್ಣಗಿರುತ್ತದಂತೆ. ಗರಗಸ ಸಿಕ್ಕರೆ ಅದು ಟೋ. ಅಂಚು ಹೊರಕ್ಕೆ ಮುಖ ಮಾಡಿದ್ದರೆ ಟೋ ಔಟ್, ಅಂದರೆ ಚಕ್ರದ ಮೂತಿ ಹೊರಕ್ಕೆ ತಿರುಗಿದೆ. ಗಾಡಿ ನೇರ ಹೋಗುತ್ತಿದೆ, ಚಕ್ರಕ್ಕೆ ಪಕ್ಕದ ರಸ್ತೆಯ ಮೇಲೆ ಆಸೆ.

"ಮೊನ್ನೆ ತಾನೇ ಅಲೈನ್‌ಮೆಂಟ್ ಮಾಡಿಸಿದ್ದೀನಿ ಅಣ್ಣ!"

"ಹಿಂದಿನದೂ ನೋಡಿದ್ರಾ?"

"ಹಿಂದಿನದು ಅಡ್ಜಸ್ಟ್ ಆಗಲ್ಲ ಸಾರ್ ಅಂದ್ರು."

ಈ ಮಾತು ಸುಳ್ಳಲ್ಲ, ಗಾಡಿ ಬೇರೆ. ನಮ್ಮ ರಸ್ತೆಯ ಮುಕ್ಕಾಲು ಸಣ್ಣ ಕಾರುಗಳಲ್ಲಿ ಹಿಂದಿನ ಎರಡು ಚಕ್ರಕ್ಕೂ ಸೇರಿಸಿ ಒಂದೇ ಗಟ್ಟಿ ಬೀಮ್ ಇರುತ್ತದೆ, ಅಲ್ಲಿ ತಿರುಗಿಸಲು ಬೋಲ್ಟೇ ಇಲ್ಲ. ಈ ಕಾರಿನಲ್ಲಿ ಹಿಂದೆ ಒಂದೊಂದು ಚಕ್ರಕ್ಕೂ ಅದನ್ನು ಹಿಡಿದಿಡುವ ಐದೈದು ತೋಳು, ಅಂದರೆ ಲಿಂಕ್, ಟೋಗೆ ಬೇರೆ ಬೋಲ್ಟು, ಕ್ಯಾಂಬರಿಗೆ ಬೇರೆ ಬೋಲ್ಟು. ಅಂಗಡಿಯವನು ದಿನಾ ಮಾಡುವ ಹಾಗೆ ಮುಂದಿನ ಎರಡು ಚಕ್ರ ನೇರ ಮಾಡಿ, ಬಿಲ್ಲು ಕೊಟ್ಟು ಕೈ ಮುಗಿದಿದ್ದಾನೆ.

"ಸ್ಟೇರಿಂಗ್ ನೆಟ್ಟಗಿದೆಯಾ?"

"ಅದೇ ಅಣ್ಣ, ನೇರ ರೋಡಲ್ಲೂ ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡೀಬೇಕು."

ಶಂಕ್ರಣ್ಣ ನಕ್ಕರು. "ಬೀದಿನಾಯಿ ಓಡೋದು ನೋಡಿದ್ದೀಯಾ? ಹಿಂದಿನ ಕಾಲು ಒಂದು ಪಕ್ಕಕ್ಕೆ ಬಿಟ್ಕೊಂಡು ಓಡತ್ತಲ್ಲ, ನಿನ್ನ ಗಾಡಿ ಹಾಗೆ ಹೋಗ್ತಿದೆ."

ಇಪ್ಪತ್ತು ಲಕ್ಷದ ಆಸುಪಾಸು ಕೊಟ್ಟು ತಂದ ಕಾರಿನ ಬಗ್ಗೆ ಇಂಥ ಮಾತು ಕೇಳುವುದು ಕಷ್ಟ. ಗಿರಿ ಮುಖ ಆ ಕಡೆ ತಿರುಗಿಸಿಕೊಂಡ.

ಮಾರನೇ ವಾರ ನಾಲ್ಕೂ ಚಕ್ರ ಅಳೆಯುವ ಅಂಗಡಿಗೆ ಹೋಗಿ ಪ್ರಿಂಟ್ ತಂದ. ಹಿಂದಿನ ಚಕ್ರಗಳ ಸಾಲಲ್ಲಿ ಕೆಂಪೋ ಕೆಂಪು, ಅಂದರೆ ಮಿತಿ ಮೀರಿದೆ. ಕ್ಯಾಂಬರ್ ಎಡಕ್ಕೆ ಮೈನಸ್ ಎರಡೂವರೆ ಡಿಗ್ರಿ, ಬಲಕ್ಕೆ ಮೈನಸ್ 3. ಟೋ ಎಡಕ್ಕೆ ಸೊನ್ನೆ, ಬಲಕ್ಕೆ ಅರ್ಧ ಡಿಗ್ರಿ ಔಟ್.

"ನೋಡಿದ್ಯಾ, ಟೋ ಬಲಗಡೆ ಒಂದೇ ಹಾಳಾಗಿರೋದು. ಎಡಗಡೆ ಯಾಕೆ ಸವೀತು?" ಮಂಜ ಕೇಳಿದ. ನಿಂಬೆಹಣ್ಣಿನ ಮನುಷ್ಯನಿಂದ ಇಷ್ಟು ಒಳ್ಳೆ ಪ್ರಶ್ನೆ ನಾವು ನಿರೀಕ್ಷಿಸಿರಲಿಲ್ಲ.

ವಿಷಯ ಹೀಗೆ. ಒಂದು ಚಕ್ರ ಬಲಕ್ಕೆ ಎಳೆಯುತ್ತದೆ, ಇನ್ನೊಂದು ನೇರ ಹೋಗೋಣ ಅನ್ನುತ್ತದೆ. ಕೊನೆಗೆ ಗಾಡಿಯೇ ಮೈ ಸ್ವಲ್ಪ ಓರೆ ಮಾಡಿಕೊಂಡು ಇಬ್ಬರಿಗೂ ಅರ್ಧರ್ಧ ಹಂಚುತ್ತದೆ. ಕಾಲು ಡಿಗ್ರಿ ಇವನಿಗೆ, ಕಾಲು ಡಿಗ್ರಿ ಅವನಿಗೆ. ತಪ್ಪು ಬಲಗಡೆಯವನದು, ದಂಡ ಇಬ್ಬರಿಗೂ. ಮೇಲೆ ಅರ್ಧ ಡಿಗ್ರಿ ಕ್ಯಾಂಬರ್ ಜಾಸ್ತಿ ಇರುವುದಕ್ಕೆ ಬಲಗಡೆ ಮೊದಲು ತಂತಿಗೆ ಬಂತು. ಸ್ಟೇರಿಂಗ್ ಓರೆಯಾದದ್ದೂ ಇದೇ ಕಾರಣಕ್ಕೆ. ಅದಕ್ಕೇ ಮೊದಲು ಹಿಂದಿನದು ಸರಿ ಮಾಡಬೇಕು, ಆಮೇಲೆ ಮುಂದಿನದು. ಉಲ್ಟಾ ಮಾಡಿದರೆ ಪ್ರತಿ ಸಲವೂ ದುಡ್ಡು ದಂಡ.

"ಕಾಲು ಡಿಗ್ರಿ ಅಂದ್ರೆ ಎಷ್ಟು ಮಹಾ?" ಅಂದ ಗಿರಿ.

ಪ್ರವೀಣ ಫೋನು ತೆಗೆದ. ಕೊನೆಗೂ ಅವನ ವಿದ್ಯೆಗೆ ಕೆಲಸ ಸಿಕ್ಕಿತು. ಕಾಲು ಡಿಗ್ರಿಗೆ ಪ್ರತಿ ಕಿಲೋಮೀಟರಿಗೆ ಟೈರ್ ಸುಮಾರು 4.4 ಮೀಟರ್ ಅಡ್ಡಕ್ಕೆ ಉಜ್ಜಬೇಕು. 20 ಸಾವಿರ ಕಿಲೋಮೀಟರಿಗೆ 87 ಕಿಲೋಮೀಟರ್.

"ಬೆಂಗಳೂರಿಂದ ಮದ್ದೂರಿನ ತನಕ ಅಡ್ಡಡ್ಡ ಹೋಗಿದ್ದೀಯಾ ಮಗಾ," ಅಂದ ಮಂಜ. "ವಡೇನೂ ತಿನ್ನದೆ."

ಪ್ರವೀಣ, "ಪೂರ್ತಿ ಉಜ್ಜಲ್ಲ, ರಬ್ಬರ್ ಸ್ವಲ್ಪ ಬಗ್ಗಿ ಹೊಂದಿಕೊಳ್ಳತ್ತೆ," ಅಂತ ತಿದ್ದಲು ನೋಡಿದ. "ಬಗ್ಗತ್ತೆ, ಬಗ್ಗಿ ಬಗ್ಗಿನೇ ಸವೆಯತ್ತೆ," ಅಂದರು ಶಂಕ್ರಣ್ಣ.

ಉಳಿದದ್ದು ಬಲಗಡೆ ಚಕ್ರದ ಮೂತಿ ಯಾಕೆ ತಿರುಗಿತು ಅನ್ನುವುದು. ಬೋಲ್ಟು ತಿರುಗಿಸಿ ಪ್ರಿಂಟ್ ಹಸಿರು ಮಾಡಿಕೊಂಡು ಬರುವುದು ಸುಲಭ, ಕಾರಣ ಹುಡುಕದಿದ್ದರೆ ಎರಡು ತಿಂಗಳಲ್ಲಿ ಮತ್ತೆ ಕೆಂಪು. ಗಾಡಿ ಲಿಫ್ಟಿಗೆ ಹಾಕಿ ಮೆಕ್ಯಾನಿಕ್ ಉದ್ದ ಕಬ್ಬಿಣದ ಸಲಾಕೆ ತೂರಿಸಿ ಒಂದೊಂದೇ ಲಿಂಕ್ ಮೀಟಿ ನೋಡಿದ. ಒಂದು ಲಿಂಕಿನ ಬುಷ್, ಅಂದರೆ ಕೀಲಿನೊಳಗಿನ ರಬ್ಬರ್, ಹರಿದು ಹೋಗಿತ್ತು. ಮೀಟಿದರೆ ರಬ್ಬರ್ ಬಾಯಿ ಬಿಡುತ್ತಿತ್ತು. ನಿಂತಾಗ ಚಕ್ರ ಸುಮಾರಾಗಿ ಇರುತ್ತದೆ, ಬ್ರೇಕ್ ಹಾಕಿದಾಗ, ಆಕ್ಸಿಲರೇಟರ್ ತುಳಿದಾಗ ಎಲ್ಲೆಲ್ಲೋ ಹೋಗುತ್ತದೆ.

ಮೆಕ್ಯಾನಿಕ್ ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. ಈ ಬುಷ್‌ಗಳ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬಿಗಿ ಮಾಡಬಾರದಂತೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದು ಸಸ್ಪೆನ್ಷನ್ ಅದರ ಎತ್ತರಕ್ಕೆ ಕೂತ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಇರುತ್ತದೆ, ಹಗಲು ರಾತ್ರಿ, ಪಾರ್ಕಿಂಗ್‌ನಲ್ಲೂ. ಲೋಯರಿಂಗ್ ಸ್ಪ್ರಿಂಗ್ ಹಾಕಿದವನು ನೇತಾಡಿಸಿಯೇ ಬಿಗಿ ಮಾಡಿರಬೇಕು, ಇಲ್ಲವೇ ಹಳೇ ಬೋಲ್ಟು ಸಡಿಲಿಸಿಯೇ ಇಲ್ಲ.

"ಬುಷ್ ಹಾಕಿ ಟೋ ಸರಿ ಮಾಡ್ತೀನಿ ಸಾರ್. ಕ್ಯಾಂಬರ್ ಮಾತ್ರ ಆ ಬೋಲ್ಟಲ್ಲಿ ಎಷ್ಟು ಬರತ್ತೋ ಅಷ್ಟೇ. ಪೂರ್ತಿ ಬರ್ಬೇಕಂದ್ರೆ ಒರಿಜಿನಲ್ ಸ್ಪ್ರಿಂಗ್ ಹಾಕ್ಸಿ."

ಗಿರಿ ಕೊನೆಯ ಆಸೆಯಿಂದ ಕೇಳಿದ, "ಹಿಂದಿನ ಟೈರ್ ಮುಂದಕ್ಕೆ ಹಾಕಿ ಅಡ್ಜಸ್ಟ್ ಮಾಡ್ಕೋಬಹುದಾ?" ಆಗುವುದಿಲ್ಲ. ಮುಂದೆ 225 ಮಿಲಿಮೀಟರ್ ಅಗಲ, ಹಿಂದೆ 255. ತಂತಿ ಕಂಡ ಟೈರನ್ನಂತೂ ಯಾವ ಮೂಲೆಗೂ ಹಾಕಬಾರದು. ಎರಡು ಹೊಸ ಟೈರಿನ ರೇಟು ಕೇಳಿ ಅವನು ಅಲ್ಲೇ ಇದ್ದ ಹಳೇ ಟೈರಿನ ರಾಶಿ ಮೇಲೆ ಕೂತುಬಿಟ್ಟ.

ಆಮೇಲೆ ಸುಧಾರಿಸಿಕೊಂಡು ಹಿಂದಿನ ಓನರಿಗೆ ಫೋನ್ ಹಚ್ಚಿದ, ಸ್ಪೀಕರ್ ಹಾಕಿ. ಒರಿಜಿನಲ್ ಸ್ಪ್ರಿಂಗ್ ಇಟ್ಟಿದ್ದೀರಾ ಅಂತ ಕೇಳಿದ.

"ಅಯ್ಯೋ, ಅದನ್ನ ಗುಜರಿಗೆ ಹಾಕ್ಬಿಟ್ಟೆ ಸಾರ್. ಆ ಲೋಯರಿಂಗ್ ಸ್ಪ್ರಿಂಗ್ ತೆಗೆಸೋದಾದ್ರೆ ಮಾತ್ರ ನನಗೇ ಕೊಡಿ, ಈಗಿನ ಕಾರಿಗೆ ಹಾಕ್ಕೋತೀನಿ. ಒಳ್ಳೆ ಐಟಂ."

"ಅಲ್ಲಾ, ನಿಮಗೆ ಹಿಂದಿನ ಟೈರ್ ಎಷ್ಟು ಸಾವಿರ ಓಡ್ತಿತ್ತು?"

"ಗೊತ್ತಿಲ್ಲ ಸಾರ್. ಟೈರ್ ಹೋಗೋ ಮುಂಚೆನೇ ನಾನು ಕಾರು ಮಾರ್ಬಿಡ್ತೀನಿ."