ತುದಿಗೂದಲಿನಲ್ಲಿ ಕಟ್ಟಿಕೊಂಡ ಡೈಯನ್ನು ಕೂದಲು ಕೆಡದಂತೆ ಇಳಿಸುವುದು ಹೇಗೆ?

ಪ್ರಶ್ನೆ (ಡೊಂಬಿವಲಿಯಿಂದ)

ನಮಸ್ಕಾರ. ನನಗೆ 52 ವರ್ಷ. ಎಂಟು ವರ್ಷಗಳಿಂದ ಐದು ವಾರಕ್ಕೊಮ್ಮೆ ಮನೆಯಲ್ಲೇ ಕಡುಕಂದು ಡೈ ಹಚ್ಚಿಕೊಳ್ಳುತ್ತಿದ್ದೇನೆ. ಬುಡದ ನರೆ ಮುಚ್ಚುವುದಷ್ಟೇ ಉದ್ದೇಶವಾಗಿದ್ದರೂ, ಬಟ್ಟಲಿನಲ್ಲಿ ಉಳಿದದ್ದು ದಂಡವಾಗಬಾರದೆಂದು ಪ್ರತಿ ಸಲವೂ ತುದಿಯವರೆಗೆ ಎಳೆದುಬಿಡುತ್ತಿದ್ದೆ. ಈಗ ಕಿವಿಯಿಂದ ಕೆಳಗಿನ ಕೂದಲು ಇದ್ದಿಲಿನಂತೆ ಕಪ್ಪಾಗಿ, ಒರಟಾಗಿ, ಬಿಸಿಲಿನಲ್ಲೂ ಹೊಳೆಯದಂತಾಗಿದೆ. ಬುಡದಲ್ಲಿ ಮಾತ್ರ ತಿಳಿಕಂದು. ಪಾರ್ಲರಿನವರು ಬ್ಲೀಚ್ ಮಾಡೋಣ ಎನ್ನುತ್ತಾರೆ. ಆದರೆ ಕಳೆದ ವರ್ಷ ನನ್ನ ತಂಗಿಯ ಕೂದಲು ಬ್ಲೀಚ್ ಆದ ಮೇಲೆ ಒದ್ದೆಯಲ್ಲಿ ರಬ್ಬರಿನಂತೆ ಹಿಗ್ಗಿ ತುಂಡಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಟ್ಟಡಕ್ಕೆ ಆಗಾಗ ಟ್ಯಾಂಕರಿನ ಬೋರ್‌ವೆಲ್ ನೀರು ಬರುತ್ತದೆ ಎಂಬುದನ್ನೂ ತಿಳಿಸಿರುತ್ತೇನೆ.

ಉತ್ತರ 1 (ಪುಣೆ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ)

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಕೂದಲು 36 ಸೆಂಟಿಮೀಟರ್ ಉದ್ದವಿದ್ದರೆ ಅದರ ತುದಿಗೆ ಮೂರು ವರ್ಷ ವಯಸ್ಸು. ಎಂದರೆ ಅದು ಸುಮಾರು ಮೂವತ್ತು ಸಲ ಡೈ ಕುಡಿದಿದೆ. ಶಾಶ್ವತ ಡೈಯಲ್ಲಿ ಅಮೋನಿಯ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ, ಸಣ್ಣ ಬಣ್ಣದ ಕಣಗಳು ಒಳಗೆ ಇಳಿಯುತ್ತವೆ, ಪೆರಾಕ್ಸೈಡ್ ಅವುಗಳನ್ನು ಒಂದಕ್ಕೊಂದು ಬೆಸೆದು ಹೊರಬರಲಾರದಷ್ಟು ದೊಡ್ಡದಾಗಿಸುತ್ತದೆ. ಆದ್ದರಿಂದಲೇ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಗಂಧಕದ ಸಂಯುಕ್ತಗಳಿರುವ, ಬ್ಲೀಚ್ ಇಲ್ಲದ ಕಲರ್ ರಿಮೂವರ್ ಆ ಬೆಸುಗೆಯನ್ನು ಬಿಡಿಸಿ ಕಣಗಳನ್ನು ಮತ್ತೆ ಸಣ್ಣದಾಗಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಸಹಿಸಿಕೊಳ್ಳಬೇಕು. ಪೊಟ್ಟಣದಲ್ಲಿ ಬರೆದಷ್ಟು ಹೊತ್ತೂ ನೀರಿನಲ್ಲಿ ತೊಳೆಯದಿದ್ದರೆ ಉಳಿದ ಕಣಗಳು ಗಾಳಿಗೆ ಮತ್ತೆ ಬೆಸೆದುಕೊಂಡು ಕೂದಲು ಪುನಃ ಕಪ್ಪಾಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ.

ಇನ್ನೊಂದು ಮಾತು: ಪೆರಾಕ್ಸೈಡ್ ನಿಮ್ಮ ಸಹಜ ಬಣ್ಣವನ್ನೂ ತಿಳಿಯಾಗಿಸಿರುತ್ತದೆ. ಡೈ ಇಳಿದ ಮೇಲೆ ಹಳೆಯ ಕಪ್ಪು ಕಾಣದೆ ಇಟ್ಟಿಗೆಗೆಂಪು ಕಂಡರೆ ಗಾಬರಿಯಾಗಬೇಡಿ.

ಉತ್ತರ 2 (ಠಾಣೆ, 15 ವರ್ಷಗಳಿಂದ ಕೂದಲಿಗೆ ಬಣ್ಣ ಹಚ್ಚುವ ಕೆಲಸ)

ಅಕ್ಕಾ, ರಿಮೂವರ್ ತರುವ ಮೊದಲು ಹಗುರವಾದ ದಾರಿಯನ್ನೇ ನೋಡಿ. ನಿಮ್ಮ ಮಂಕುತನಕ್ಕೆ ಡೈಯಷ್ಟೇ ಅಲ್ಲ, ಗಡಸು ನೀರಿನ ಸುಣ್ಣದ ಅಂಶವೂ ಕಾರಣವಿರಬಹುದು. ಈಡೀಟಿಎ (ಸುಣ್ಣದ ಅಂಶವನ್ನು ಹಿಡಿದು ಬಿಡಿಸುವ ರಾಸಾಯನಿಕ) ಇರುವ ಕ್ಲಾರಿಫೈಯಿಂಗ್ ಶ್ಯಾಂಪೂವನ್ನು, ಎಂದರೆ ಕೂದಲಿಗೆ ಅಂಟಿದ್ದನ್ನು ಚೆನ್ನಾಗಿ ತೊಳೆದು ತೆಗೆಯುವ ಶ್ಯಾಂಪೂವನ್ನು, ವಾರಕ್ಕೊಮ್ಮೆ, ಹಿಂದಿನ ರಾತ್ರಿ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ನಾಲ್ಕೈದು ವಾರ ಬಳಸಿ. ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಕೊಬ್ಬರಿ ಎಣ್ಣೆ ತಗ್ಗಿಸುತ್ತದೆಂದು 2003ರಲ್ಲಿ ಮುಂಬೈಯ ಸಂಶೋಧಕರೇ ತೋರಿಸಿಕೊಟ್ಟಿದ್ದಾರೆ. ನಮ್ಮ ಅಜ್ಜಿಯರಿಗೆ ಅದು ಮೊದಲೇ ಗೊತ್ತಿತ್ತು. ವಿಟಮಿನ್ ಸಿ ಪುಡಿಯನ್ನು ಶ್ಯಾಂಪೂವಿನಲ್ಲಿ ಕಲಸಿ ಹಚ್ಚುವ ಉಪಾಯ ಹೊಸದಾಗಿ ಹಚ್ಚಿದ ಬಣ್ಣಕ್ಕೆ ಸ್ವಲ್ಪ ಆಗುತ್ತದೆ, ವರ್ಷಗಟ್ಟಲೆಯ ಪದರಕ್ಕೆ ಅಷ್ಟಾಗಿ ಆಗುವುದಿಲ್ಲ. ಅಡುಗೆ ಸೋಡಾ, ಪಾತ್ರೆ ತೊಳೆಯುವ ಸಾಬೂನು ದಯವಿಟ್ಟು ಬೇಡ. ಅವು ಮೊದಲೇ ಸಡಿಲಗೊಂಡ ಹೊರಪದರವನ್ನು ಇನ್ನಷ್ಟು ಎಬ್ಬಿಸುತ್ತವೆ.

ರಿಮೂವರ್ ಬೇಕೇ ಆದರೆ ಕತ್ತಿನ ಹಿಂದಿನಿಂದ ನಾಲ್ಕಾರು ಎಳೆ ಕತ್ತರಿಸಿ, ದಾರ ಕಟ್ಟಿ, ಬಟ್ಟಲಿನಲ್ಲಿ ಪರೀಕ್ಷಿಸಿ. ಅದೇ ವಾರ ಹೊಸ ಡೈ ಹಚ್ಚಬೇಡಿ, ಎಣಿಸಿದ್ದಕ್ಕಿಂತ ಕಡುವಾಗಿ ಕೂರುತ್ತದೆ. ಮುಂದೆ ಡೈ ಬುಡಕ್ಕೆ ಮಾತ್ರ ಇರಲಿ. ಉಳಿದದ್ದನ್ನು ಚೆಲ್ಲಿಬಿಡಿ, ಅಕ್ಕಾ.

ಉತ್ತರ 3 (ಮಡಗಾಂವ್)

ನಡುವೆ ಎಂದಾದರೂ ಮದರಂಗಿ ಹಚ್ಚಿದ್ದೀರಾ? ಮದರಂಗಿಯ ಬಣ್ಣ ಕೂದಲಿನ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ರಿಮೂವರಿಗೆ ಜಗ್ಗುವುದಿಲ್ಲ. ಲೋಹದ ಲವಣ ಬೆರೆಸಿದ ಪುಡಿ ಹಚ್ಚಿದ್ದರಂತೂ ಪೆರಾಕ್ಸೈಡ್ ತಗುಲಿದಾಗ ಕೂದಲು ಬಿಸಿಯೇರಿ ಸುಟ್ಟಂತಾಗುತ್ತದೆ. ಹಾಗಿದ್ದಲ್ಲಿ ಬ್ಲೀಚಿನ ಮಾತೇ ಬೇಡ.

ಪ್ರಶ್ನೆ ಕೇಳಿದವರು

ಮದರಂಗಿ ಹಚ್ಚಿಲ್ಲ. ಮೂವರಿಗೂ ಮನಸಾರೆ ಧನ್ಯವಾದಗಳು. ಎಣ್ಣೆ ಮತ್ತು ಶ್ಯಾಂಪೂ ಮೂರು ವಾರವಾಯಿತು. ಮೊದಲ ಸಲ ಬಿಳಿ ಟವೆಲಿನ ಮೇಲೆ ಚಹಾದ ಕಲೆಯಂಥ ಕಂದು ಗುರುತು ಬಿದ್ದಿತು. ಬಣ್ಣ ಹೆಚ್ಚೇನೂ ಇಳಿಯದಿದ್ದರೂ ಒರಟುತನ ಕಡಿಮೆಯಾಗಿ ಬಾಚಣಿಗೆ ತುದಿಯವರೆಗೆ ತಡೆಯಿಲ್ಲದೆ ಹೋಗುತ್ತಿದೆ. ಎಳೆಗಳ ಪರೀಕ್ಷೆಯಲ್ಲಿ, ಹೇಳಿದಂತೆಯೇ, ಇಟ್ಟಿಗೆಗೆಂಪು ಬಂದಿತು. ಆ ಬಣ್ಣ ನನಗೆ ಒಪ್ಪುವಂಥದ್ದಲ್ಲವಾದ್ದರಿಂದ ರಿಮೂವರನ್ನು ಕೈಬಿಟ್ಟು, ತಿಂಗಳಿಗೆರಡು ಬೆರಳಿನಷ್ಟು ತುದಿ ಕತ್ತರಿಸುತ್ತ ಬರಲು ನಿಶ್ಚಯಿಸಿದ್ದೇನೆ.