ರಾತ್ರಿ ಪಿನ್‌ಹೋಲ್ ಫೋಟೋ: ಬೀದಿ ದೀಪ ಬರುತ್ತೆ, ಕೋಟೆ ಬೆಟ್ಟ ಬರಲ್ಲ

ಪ್ರಶ್ನೆ (ಚಿತ್ರದುರ್ಗದಿಂದ)

ಎಲ್ಲರಿಗೂ ನಮಸ್ಕಾರ. ರಟ್ಟಿನ ಡಬ್ಬಿಯಲ್ಲಿ ನಾನೇ ಪಿನ್‌ಹೋಲ್ ಕ್ಯಾಮೆರಾ (ಲೆನ್ಸ್ ಬದಲು ಸೂಜಿ ತೂತು ಇರುವುದು) ಮಾಡಿದ್ದೇನೆ. ತೂತು 0.3 ಮಿ.ಮೀ., ಅಲ್ಲಿಂದ ಫಿಲ್ಮಿಗೆ 50 ಮಿ.ಮೀ. ಅಂದರೆ ಎಫ್/167 (50ನ್ನು 0.3ರಿಂದ ಭಾಗಿಸಿದ್ದು; ಈ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). ಹಾಕಿರುವುದು 120 ಸೈಜಿನ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್, 400 ಸ್ಪೀಡ್. ಹಗಲು ಚಂದ್ರವಳ್ಳಿಯಲ್ಲಿ ತೆಗೆದವು ಚೆನ್ನಾಗಿ ಬಂದಿವೆ.

ಕೋಟೆ ಸಂಜೆಗೇ ಮುಚ್ಚುತ್ತಾರಲ್ಲ, ಅದಕ್ಕೆ ನಮ್ಮ ತಾರಸಿಯಿಂದಲೇ ರಾತ್ರಿ ಬೀದಿ, ಹಿಂದೆ ಬೆಟ್ಟ, ಮೇಲೆ ಬತೇರಿ (ಕೋಟೆಯ ಬುರುಜು) ಹಿಡಿಯಬೇಕು ಅಂತ ಆಸೆ. ಮೊಬೈಲಿನ ಲೈಟ್ ಮೀಟರ್ ಬೀದಿಗೆ ಎಫ್/8ರಲ್ಲಿ 1 ಸೆಕೆಂಡ್ ತೋರಿಸಿತು. ಲೆಕ್ಕ ಹಾಕಿ 7 ನಿಮಿಷ ಬಿಟ್ಟೆ. ನೆಗೆಟಿವ್ ಹೆಚ್ಚುಕಡಿಮೆ ಖಾಲಿ, ದೀಪದ ಚುಕ್ಕೆಗಳಷ್ಟೇ. ಇನ್ನೊಂದು 20 ನಿಮಿಷ ಬಿಟ್ಟೆ. ಅದರಲ್ಲಿ ಮಧ್ಯಕ್ಕೆ ಗುಂಡಗೆ ಕಪ್ಪು ಕಲೆ. ತೂತು ದೊಡ್ಡದು ಮಾಡಲಾ?

ಉತ್ತರ 1 (ದಾವಣಗೆರೆಯಿಂದ)

ತೂತು ಮುಟ್ಟಬೇಡಿ ಸರ್. 50 ಮಿ.ಮೀ.ಗೆ 0.3 ಸರಿಯಾದ ಅಳತೆ. ಅಗಲ ಮಾಡಿದರೆ ಹಗಲಿನ ಫೋಟೋನೂ ಮಸುಕಾಗುತ್ತೆ.

ನಿಮ್ಮ ಲೆಕ್ಕವೂ ತಪ್ಪಿಲ್ಲ. 167ನ್ನು 8ರಿಂದ ಭಾಗಿಸಿ ವರ್ಗ ಮಾಡಿದರೆ 436 ಸೆಕೆಂಡ್. ಕೈ ಕೊಟ್ಟಿದ್ದು ಫಿಲ್ಮ್. ಸೋರುವ ಕೊಡವನ್ನು ಸಣ್ಣಗೆ ಬರುವ ನಲ್ಲಿ ಕೆಳಗೆ ಇಟ್ಟ ಹಾಗೆ ನೋಡಿ. ಬೆಳಕು ಜೋರಾಗಿದ್ದರೆ ಸೋರಿದ್ದು ಲೆಕ್ಕಕ್ಕಿಲ್ಲ. ಹನಿ ಹನಿಯಾಗಿ ಬಂದರೆ ತುಂಬುವುದೇ ಇಲ್ಲ. ಫಿಲ್ಮಿನ ಕಣದಲ್ಲಿ ಮೊದಲ ಬೆಳ್ಳಿ ಪರಮಾಣು ಹುಟ್ಟಿದ ಮೇಲೆ ಬೇಗ ಇನ್ನೊಂದು ಜೊತೆಯಾಗಬೇಕು, ಇಲ್ಲದಿದ್ದರೆ ಮೊದಲನೆಯದೂ ಉಳಿಯುವುದಿಲ್ಲ.

ಈ ಫಿಲ್ಮಿಗೆ ಇಲ್ಫರ್ಡ್ ಕೊಟ್ಟಿರುವ ಸೂತ್ರ: ಬಂದ ಸೆಕೆಂಡುಗಳಿಗೆ 1.31ರ ಘಾತ. ಮೊಬೈಲ್ ಕ್ಯಾಲ್ಕುಲೇಟರ್ ಅಡ್ಡ ಹಿಡಿದರೆ ಆ ಗುಂಡಿ ಸಿಗುತ್ತೆ. 436ಕ್ಕೆ ಸುಮಾರು 2,870 ಬರುತ್ತೆ, ಅಂದರೆ 48 ನಿಮಿಷ. ನೀವು ಬಿಟ್ಟಿದ್ದು ಅದರ ಏಳರಲ್ಲೊಂದು ಪಾಲು.

ಉತ್ತರ 2 (ಚಿತ್ರದುರ್ಗದಿಂದ)

ಮೇಲಿನವರು ಹೇಳಿದ್ದು ಬೀದಿಗೆ ಸರಿ. ಆದರೆ 48 ನಿಮಿಷ ಬಿಟ್ಟರೂ ಬೆಟ್ಟ ಬರುವುದಿಲ್ಲ, ಅಲ್ಲಿಗೆ ಬೀದಿ ದೀಪದ ಬೆಳಕು ಮುಟ್ಟುವುದೇ ಇಲ್ಲವಲ್ಲ. ಹುಣ್ಣಿಮೆಗೆ ಕಾಯುತ್ತೇನೆ ಅನ್ನಬೇಡಿ. ಬೆಳದಿಂಗಳಿಗೆ ನಿಮ್ಮ ತೂತಿನಲ್ಲಿ ಸುಮಾರು 15 ಗಂಟೆ ಬೇಕು, ಅದೂ ಆ ಘಾತ ಸೇರಿಸದೆ. ನಾನು ಈ ಆಸೆಯಲ್ಲಿ ಎರಡು ರೀಲು ಕಳೆದುಕೊಂಡಿದ್ದೇನೆ.

ಬೆಟ್ಟವನ್ನು ಮುಸ್ಸಂಜೆಯಲ್ಲೇ ತಗೊಳ್ಳಿ. ಕ್ಯಾಮೆರಾ ತಾರಸಿ ಗೋಡೆ ಮೇಲಿಟ್ಟು ಎರಡು ಕಡೆ ಇಟ್ಟಿಗೆ ಒತ್ತಿಡಿ. ಸೂರ್ಯ ಮುಳುಗಿದ ಮೇಲೆ ಮೀಟರ್ ಎಫ್/8ಕ್ಕೆ 1/4 ಸೆಕೆಂಡ್ ತೋರಿಸುವ ತನಕ ಕಾಯಿರಿ. ಅದು ನಿಮಗೆ 109 ಸೆಕೆಂಡ್ ಆಗುತ್ತೆ. ರಾತ್ರಿಯ ಹಾಗೆ ಕಾಣಬೇಕಲ್ವಾ, ಅದಕ್ಕೆ ಅರ್ಧ ಸಾಕು: 55. ಘಾತ ಹಾಕಿದರೆ 3 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಆಮೇಲೆ ತೂತು ಮುಚ್ಚಿ, ರೀಲು ತಿರುಗಿಸಬೇಡಿ. ಪೂರ್ತಿ ಕತ್ತಲಾದ ಮೇಲೆ ಅದೇ ಫ್ರೇಮಿಗೆ ಬೀದಿಯ 48 ನಿಮಿಷ. ಗಾಡಿ ಎದುರಿಗೆ ಬಂದರೆ ತೂತಿನ ಮುಂದೆ ಕಪ್ಪು ರಟ್ಟು ಹಿಡಿಯಿರಿ.

ಗುಂಡಗಿನ ಕಲೆ ಬಗ್ಗೆ ಒಂದು ಅನುಮಾನ. ಹಿಂದೆ ನಂಬರ್ ನೋಡುವ ಕೆಂಪು ಕಿಂಡಿ ಇದೆಯಾ? ಎಚ್‌ಪಿ5 ಕೆಂಪು ಬೆಳಕನ್ನೂ ಹಿಡಿಯುತ್ತೆ.

ಕೇಳಿದವರು

ಕಿಂಡಿ ಇದೆ ಸರ್. ಹಿಂದಿನ ಮನೆಯ ದೀಪ ನೇರ ಅದರ ಮೇಲೇ ಬೀಳುತ್ತಿತ್ತು! ಕಪ್ಪು ಟೇಪ್ ಅಂಟಿಸಿದೆ, ಕಲೆ ಹೋಯಿತು.

ನಿನ್ನೆ ನೀವು ಹೇಳಿದ ಹಾಗೇ ಎರಡು ಸಲ ತೆರೆದೆ. ಇವತ್ತು ಡೆವಲಪ್ ಮಾಡಿದೆ. ಬೆಟ್ಟದ ಅಂಚು ಪೂರ್ತಿ ಬಂದಿದೆ, ಬತೇರಿ ಗುರುತು ಸಿಗುತ್ತೆ, ಕೆಳಗೆ ನಮ್ಮ ಬೀದಿ. ದೀಪದ ಸುತ್ತ ಮಾತ್ರ ಬೆಳಕು ತುಂಬಾ ಚೆಲ್ಲಿದೆ.

ಉತ್ತರ 1

ಬಹಳ ಖುಷಿಯಾಯಿತು. ಉದ್ದನೆಯ ಎಕ್ಸ್‌ಪೋಶರಿನಲ್ಲಿ ಕಾಂಟ್ರಾಸ್ಟ್ (ಬೆಳಕು-ಕತ್ತಲಿನ ಅಂತರ) ಏರುತ್ತೆ ಸರ್. ಮುಂದಿನ ರೀಲಿಗೆ ಡೆವಲಪ್ ಸಮಯ ನೂರಕ್ಕೆ 10–15 ಕಡಿಮೆ ಮಾಡಿ. ಹತ್ತಿರದ ದೀಪ ಒಂದನ್ನು ಯಾವುದಾದರೂ ಮರದ ಹಿಂದೆ ಮರೆಯಾಗುವಂತೆ ಕ್ಯಾಮೆರಾ ಸರಿಸಿ ನೋಡಿ.